ಕಾಡ್ಗಿಚ್ಚಿನ ಸೀಮೆಯಲ್ಲಿ ಮನೆ: ಹೆಂಚಿಗಿಂತ ಹೆಂಚಿನ ಸಂದಿ ನೋಡಿ

ಕಾಡ್ಗಿಚ್ಚು ತಡೆದುಕೊಳ್ಳುವ ಮನೆ ಹೇಗಿರಬೇಕು ಅನ್ನುವ ಈ ಪಾಠಕ್ಕೆ ಕೂತಾಗ ನನ್ನ ತಲೆಯಲ್ಲಿದ್ದ ಚಿತ್ರವೇ ತಪ್ಪಾಗಿತ್ತು. ಕಾಡಿನ ಕಡೆಯಿಂದ ಬೆಂಕಿ ಗೋಡೆಯ ಹಾಗೆ ಎದ್ದು ಬಂದು ಮನೆಯನ್ನು ನುಂಗುತ್ತದೆ ಅಂದುಕೊಂಡಿದ್ದೆ. ಬಹುಪಾಲು ಮನೆಗಳು ಹಾಗೆ ಸುಡುವುದಿಲ್ಲ. ಗಾಳಿಯಲ್ಲಿ ತೂರಿ ಬರುವ ಕಿಡಿಗಳು ಮೊದಲು ಮನೆಗೆ ಹತ್ತುತ್ತವೆ. ಆಮೇಲೆ ಆ ಮನೆಯ ಉರಿ ಪಕ್ಕದ ಮನೆಗೆ. ಜೋರು ಗಾಳಿ ಇದ್ದರೆ ಕಿಡಿ ಒಂದು ಮೈಲಿಗಿಂತ ಜಾಸ್ತಿ ದೂರ ಹಾರುತ್ತದೆ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರು ಸುಟ್ಟ ಫೋಟೋಗಳನ್ನು ನೋಡಿ. ಮನೆ ಬೂದಿಯಾಗಿದೆ, ಪಕ್ಕದ ಪೈನ್ ಮರ ಹಸಿರಾಗೇ ನಿಂತಿದೆ. ಆ ಬೆಂಕಿಗೆ 85 ಜನ ಬಲಿಯಾದರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು.

ಕಿಡಿ ಬೀಳುವ ದೊಡ್ಡ ಜಾಗ ಅಂದರೆ ಛಾವಣಿ. ಅದಕ್ಕೇ ಪಾಠ ಅಲ್ಲಿಂದ ಶುರು. ಬೆಂಕಿ ಎಷ್ಟು ತಡೆಯುತ್ತದೆ ಅಂತ ನೋಡಿ ಅಮೆರಿಕದಲ್ಲಿ ಛಾವಣಿಗೆ ಎ, ಬಿ, ಸಿ ಅಂತ ಮೂರು ಕ್ಲಾಸ್, ಎ ಎಲ್ಲಕ್ಕಿಂತ ಮೇಲಿನದು. ಪರೀಕ್ಷೆ ಮಾಡುವ ರೀತಿ ಗೊತ್ತಾದರೆ ಬಾಯಿಪಾಠ ಬೇಕಿಲ್ಲ. ಮಾದರಿ ಛಾವಣಿ ಕಟ್ಟಿ, ಫ್ಯಾನಿನಿಂದ ಗಾಳಿ ಬಿಟ್ಟು, ಅದರ ಮೇಲೆ ಉರಿಯುವ ಮರದ ತುಂಡು ಇಡುತ್ತಾರೆ. ಕ್ಲಾಸ್ ಸಿಗೆ ಒಂದೂವರೆ ಇಂಚಿನ ಚೂರು. ಬಿಗೆ 6 ಇಂಚಿನದು. ಎಗೆ 12 ಇಂಚು ಅಗಲ, 12 ಇಂಚು ಉದ್ದದ, ಸುಮಾರು 2 ಕಿಲೋ ತೂಗುವ ಕಟ್ಟಿಗೆ ಚೌಕಟ್ಟು. ಉರಿ ಒಳಗಿನ ಹಲಗೆ ದಾಟಬಾರದು, ಛಾವಣಿಯಿಂದಲೇ ಹೊಸ ಕೆಂಡ ಹಾರಬಾರದು.

ಕೊನೆಯ ಮಾತನ್ನು ಗುರುತು ಹಾಕಿಕೊಳ್ಳಿ. ಹಳೇ ಕಾಲದ ಮರದ ಶೇಕ್ (ಸೀಳಿದ ಮರದ ಚಕ್ಕೆ) ಛಾವಣಿ ತಾನು ಉರಿಯುವುದಲ್ಲದೆ ಚಕ್ಕೆ ಚಕ್ಕೆಯಾಗಿ ಹಾರಿ ಊರಿಗೂ ಬೆಂಕಿ ಹಂಚುತ್ತದೆ. 1991ರಲ್ಲಿ 25 ಜನರನ್ನು ಕೊಂದ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಬೆಟ್ಟದ ಬೆಂಕಿಯಲ್ಲಿ ಆಗಿದ್ದು ಇದೇ.

ಸರಿ, ಹೆಂಚು, ಕಾಂಕ್ರೀಟ್ ಹೆಂಚು, ಫೈಬರ್‌ಗ್ಲಾಸ್ ಇರುವ ಆಸ್ಫಾಲ್ಟ್ ಶಿಂಗಲ್ (ಡಾಂಬರು ಹಚ್ಚಿದ ಹೊದಿಕೆ ಹಾಳೆ) ಎಲ್ಲಾ ಕ್ಲಾಸ್ ಎ. ಅಲ್ಯೂಮಿನಿಯಂ ತಗಡಿಗೆ ಅಡಿಯಲ್ಲಿ ಬೆಂಕಿ ತಡೆಯುವ ಪದರ ಹಾಕಿದರೇನೇ ಆ ದರ್ಜೆ. ಹಾಗಾದರೆ ಹೆಂಚು ಹೊದಿಸಿ ಆರಾಮಾಗಿ ಇರಬಹುದು ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಇರುವ ಭಾವನಿಗೆ ವಿಡಿಯೋ ಕಾಲ್ ಮಾಡಿ, ‘ಸೂರಿನ ಅಂಚು ಸ್ವಲ್ಪ ತೋರಿಸಿ’ ಅಂದೆ. ಕಮಾನಿನ ಆಕಾರದ ಕೆಂಪು ಹೆಂಚು, ನೋಡೋಕೆ ಚೆಂದ. ಅಂಚಿನ ಸಾಲಲ್ಲಿ ಪ್ರತಿ ಕಮಾನಿನ ಕೆಳಗೂ ಮುಷ್ಟಿ ತೂರುವಷ್ಟು ತೂತು. ಒಂದರಿಂದ ಒಣಹುಲ್ಲು ಇಣುಕುತ್ತಿತ್ತು. ‘ಗುಬ್ಬಿ ಗೂಡು ಕಣಯ್ಯಾ, ಥೇಟ್ ನಮ್ಮೂರ ಮನೆ’ ಅಂತ ಭಾವ ನಕ್ಕರು. ಹೆಂಚಿಗೆ ಬೆಂಕಿ ಹತ್ತಲ್ಲ, ನಿಜ. ಕಿಡಿ ಆ ಗೂಡಿಗೆ ಬಿದ್ದರೆ, ಅದರ ಪಕ್ಕದಲ್ಲೇ ಇರುವುದು ಮರದ ಹಲಗೆ. ಆ ತೂತಿಗೆ ಗಾರೆ ತುಂಬಬೇಕು, ಇಲ್ಲಾ ಅದಕ್ಕೆಂದೇ ಮಾಡಿದ ಬಿರಡೆ ಹಾಕಬೇಕು. ಕ್ಲಾಸ್ ಎ ಅನ್ನೋ ಚೀಟಿ ಈ ತೂತನ್ನು ಮುಚ್ಚಲ್ಲ.

ಗಾಳಿಕಿಂಡಿಯದೂ ಇದೇ ಕಥೆ. ಹಳೇ ಮನೆಗಳಲ್ಲಿ ಕಾಲು ಇಂಚಿನ ಕಣ್ಣಿನ ಜಾಲರಿ ಸಾಮಾನ್ಯ, ಕಿಡಿ ಸಲೀಸಾಗಿ ಅಟ್ಟಕ್ಕೆ ಹೋಗುತ್ತದೆ. ಲೋಹದ ಜಾಲರಿಯನ್ನೇ ಹಾಕಬೇಕು, ಕಣ್ಣು ಇಂಚಿನ ಎಂಟನೇ ಒಂದು ಭಾಗ ಮೀರಬಾರದು. ಖರ್ಚಿಗೆ ಹೋಲಿಸಿದರೆ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ.

ಗೋಡೆ, ಕಿಟಕಿಯದು ಬೇಗ ಮುಗಿಸೋಣ. ಸಿಮೆಂಟ್ ಗಾರೆ, ಫೈಬರ್ ಸಿಮೆಂಟ್ ಒಳ್ಳೆಯದು. ವಿನೈಲ್ (ಪ್ಲಾಸ್ಟಿಕ್) ಹೊದಿಕೆ ಕಾವಿಗೇ ಮೆತ್ತಗಾಗಿ ಜಾರುತ್ತದೆ, ಒಳಗಿನ ಹಲಗೆ ಬಯಲಾಗುತ್ತದೆ. ಕಿಟಕಿಗೆ ಎರಡು ಪದರದ ಗಾಜು, ಒಂದಾದರೂ ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಇರಲಿ.

ಒಂದು ಲೆಕ್ಕ ಉಳಿಯಿತು. ಪ್ಯಾರಡೈಸ್‌ನಲ್ಲಿ 1997ಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಉಳಿದದ್ದು ಶೇ. 11.5. ಆಮೇಲೆ ಕಟ್ಟಿದವುಗಳಲ್ಲಿ ಶೇ. 38.5. ಹೊಸ ಮನೆಗಳಲ್ಲೂ ಅರ್ಧಕ್ಕಿಂತ ಜಾಸ್ತಿ ಹೋದವು ಅಂತಾಯಿತು. ಪಕ್ಕದ ಮನೆ ಎಷ್ಟು ಹತ್ತಿರ ಉರಿಯಿತು ಅನ್ನುವುದು ಅಲ್ಲಿ ದೊಡ್ಡ ಕಾರಣ. ಅದು ನಮ್ಮ ಕೈಯಲ್ಲಿಲ್ಲ, ಆದರೆ ಗೋಡೆಯಿಂದ ಮೊದಲ 5 ಅಡಿ ಜಾಗ ನಮ್ಮ ಕೈಯಲ್ಲಿದೆ. ಅಲ್ಲಿ ತೊಗಟೆ ಪುಡಿ, ಪೊದೆ, ಸೌದೆ ಏನೂ ಬೇಡ, ಜಲ್ಲಿ ಸಾಕು. ಗೋಡೆಗೆ ತಾಗುವ ಮರದ ಬೇಲಿಯೂ ಬತ್ತಿ ಇದ್ದ ಹಾಗೆ. ಭಾವನ ಮನೆಯಲ್ಲಿ ಅದೂ ಇತ್ತು, ಗೇಟಿನ ಸಮೇತ.