ಕಟ್ಟೆ ತುಂಬಿತು ಸರಿ, ಕೆಳಗಿನ ಕಾವೇರಿಗೆ ಎಷ್ಟು ನೀರು?

ಮಂಡ್ಯ, ಮೈಸೂರಿನ ಕಡೆ ಮುಂಗಾರು ಶುರುವಾಯಿತೆಂದರೆ ಪೇಪರ್ ತೆಗೆದ ಕೂಡಲೇ ಕಣ್ಣು ಹೋಗುವುದು ಒಂದು ಸಣ್ಣ ಚೌಕಕ್ಕೆ. ಕೆಆರ್‌ಎಸ್, ಅಂದರೆ ಕೃಷ್ಣರಾಜಸಾಗರ ಅಥವಾ ಕನ್ನಂಬಾಡಿ ಕಟ್ಟೆಯ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ತುಂಬಿದರೆ ಬಾಗಿನ, ತುಂಬದಿದ್ದರೆ ರಸ್ತೆ ತಡೆ. 2025ರಲ್ಲಂತೂ ಜೂನ್ ಮುಗಿಯುವ ಮೊದಲೇ ಬಾಗಿನ ಅರ್ಪಿಸಿದ್ದಾಯಿತು. ಹೊರಹರಿವಿನ ಬಗ್ಗೆಯೂ ಮಾತು ಜೋರಾಗಿಯೇ ಇರುತ್ತದೆ, ಆದರೆ ತಮಿಳುನಾಡಿಗೆ ಎಷ್ಟು ಹೋಯಿತು ಅನ್ನುವ ಲೆಕ್ಕದಲ್ಲಿ ಮಾತ್ರ. ಕಟ್ಟೆಯ ಕೆಳಗಿರುವ ನದಿಗೇ ಎಷ್ಟು ಬೇಕು ಅನ್ನುವುದು ಚರ್ಚೆಗೆ ಬರುವುದು ಕಡಿಮೆ.

ವಿಚಿತ್ರ ಅಂದರೆ, ಕನ್ನಂಬಾಡಿ ಕಟ್ಟೆ ಬೇಕೆನಿಸಿದ್ದಕ್ಕೆ ಒಂದು ದೊಡ್ಡ ಕಾರಣವೇ ಬೇಸಿಗೆಯಲ್ಲೂ ನದಿ ಹರಿಯುತ್ತಿರಬೇಕು ಎಂಬುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರ ಶುರುವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹೋಗತೊಡಗಿತು. ಗಣಿಗೆ ಮಳೆಗಾಲ, ಬೇಸಿಗೆ ಅನ್ನುವ ಭೇದವಿಲ್ಲ. ಕಾವೇರಿಗೆ ಇದೆ. ಆಗಸ್ಟ್‌ನಲ್ಲಿ ದಡ ಮೀರುವ ನದಿ ಏಪ್ರಿಲ್ ಹೊತ್ತಿಗೆ ಬಂಡೆಗಳ ನಡುವೆ ಸೊರಗಿರುತ್ತಿತ್ತು. ಮೇಲುಗಡೆ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಹದವಾಗಿ ಬಿಟ್ಟರೆ ಟರ್ಬೈನ್ ನಿಲ್ಲುವುದಿಲ್ಲ, ಉಳಿದದ್ದರಲ್ಲಿ ಮಂಡ್ಯದ ಒಣಭೂಮಿಗೂ ನೀರು ಕೊಡಬಹುದು. ಮುಖ್ಯ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಯೋಜನೆಯಲ್ಲಿ ಇವೆರಡೂ ಇದ್ದವು. 1911ರಲ್ಲಿ ಕೆಲಸ ಶುರುವಾಯಿತು.

ತಕರಾರು ಅಷ್ಟೊತ್ತಿಗಾಗಲೇ ಇತ್ತು. 1892ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ ಹೊಸ ನೀರಾವರಿ ಕೆಲಸಕ್ಕೆ ಮದರಾಸಿನ ಒಪ್ಪಿಗೆ ಪಡೆಯಬೇಕಿತ್ತು. ಮೈಸೂರು ಕೇಳಿದ್ದು 41.5 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಕಟ್ಟೆ. ಮದರಾಸು ಒಪ್ಪಿದ್ದು 11 ಟಿಎಂಸಿಗೆ. ಆದರೂ ಅಡಿಪಾಯ ಬಿದ್ದದ್ದು ದೊಡ್ಡ ಕಟ್ಟೆಗೇ! ಜಗಳ ಪಂಚಾಯಿತಿಗೆ ಹೋಗಿ, ತೀರ್ಪು ಬಂದು, ಮೇಲ್ಮನವಿಯೂ ಆಗಿ, ಕೊನೆಗೆ 1924ರ ಫೆಬ್ರವರಿ 18ರಂದು ಒಪ್ಪಂದ ಆಯಿತು.

ನನ್ನ ಪ್ರಕಾರ ನದಿಯ ಹಣೆಬರಹ ಬದಲಾದದ್ದು ಅಲ್ಲೇ. ಕೆಆರ್‌ಎಸ್‌ನಲ್ಲಿ ಯಾವಾಗ ನೀರು ಹಿಡಿಯಬಹುದು, ಯಾವಾಗ ಬಿಡಬೇಕು ಅನ್ನುವುದಕ್ಕೆ ವಿವರವಾದ ನಿಯಮಗಳು ಬಂದವು. ಆದರೆ ಹರಿವು ಸಾಕೋ ಸಾಲದೋ ಅಂತ ನೋಡುವ ಅಳತೆಗೋಲು ಇದ್ದದ್ದು ದೂರದ ತಿರುಚಿರಾಪಳ್ಳಿ ಬಳಿಯ ಮೇಲಣೆಯಲ್ಲಿ. ಅಲ್ಲಿಂದ ಈಚೆಗೆ ಕಾವೇರಿಯ ನೀರನ್ನು ಯಾವಾಗಲೂ ಕೆಳಗಿನ ತುದಿಯಲ್ಲೇ ಅಳೆಯುತ್ತಾ ಬಂದಿದ್ದೇವೆ.

1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಬಂದ ಮೇಲೆ ಮಂಡ್ಯದ ಕಥೆ ಎಲ್ಲರಿಗೂ ಗೊತ್ತು. ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆ, 1939ರಲ್ಲಿ ಹೊಸ ಜಿಲ್ಲೆ. ಆಮೇಲೆ ಕಬಿನಿ, ಹೇಮಾವತಿ, ಹಾರಂಗಿ ಕಟ್ಟೆಗಳೂ ಬಂದವು. ಕೆಆರ್‌ಎಸ್‌ನ 49.45 ಟಿಎಂಸಿ ಸೇರಿ ನಾಲ್ಕರ ಸಾಮರ್ಥ್ಯ 114.57 ಟಿಎಂಸಿ.

1924ರ ಒಪ್ಪಂದದ ಐವತ್ತು ವರ್ಷ 1974ಕ್ಕೆ ಮುಗಿಯಿತು. 1990ರಲ್ಲಿ ನ್ಯಾಯಮಂಡಳಿ ಬಂತು. ಮಧ್ಯಂತರ ಆದೇಶ, ಗಲಭೆ, ಪ್ರಾಧಿಕಾರ, ಸಭೆ ಎಲ್ಲವನ್ನೂ ಇಲ್ಲಿ ಹೇಳುತ್ತಾ ಕೂರುವುದಿಲ್ಲ. 2007ರ ಅಂತಿಮ ತೀರ್ಪು ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 192 ಟಿಎಂಸಿ ಹರಿಯಬೇಕು ಎಂದಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು.

ಆ ನೀರನ್ನು ಯಾವ ತಿಂಗಳು ಎಷ್ಟು ಬಿಡಬೇಕು ಅನ್ನುವ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಜುಲೈಗೆ 31.24 ಟಿಎಂಸಿ, ಆಗಸ್ಟ್‌ಗೆ 45.95, ಸೆಪ್ಟೆಂಬರ್‌ಗೆ 36.76. ಕಟ್ಟೆ ತುಂಬಿಸಿಕೊಳ್ಳಬೇಕಾದ, ಮಂಡ್ಯದಲ್ಲಿ ನಾಟಿ ನಡೆಯುವ ತಿಂಗಳುಗಳೇ ಇವು. ಕೊಡಗಿನಲ್ಲಿ ಮಳೆ ಚೆನ್ನಾಗಿದ್ದರೆ ಯಾರೂ ಪಟ್ಟಿ ತೆರೆಯುವುದಿಲ್ಲ. ಕೈಕೊಟ್ಟರೆ ಎಲ್ಲ ಹೊಡೆದಾಟವೂ ಈ ಮೂರು ತಿಂಗಳಿನದ್ದೇ. 2023ರ ಸೆಪ್ಟೆಂಬರ್‌ನಲ್ಲಿ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ಬಿಡಿ ಎಂಬ ಆದೇಶಕ್ಕೆ ಮಂಡ್ಯ ಬೀದಿಗಿಳಿಯಿತು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ; ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಹಾಗಾಗಿ ಆ 15 ದಿನದ ಬಾಬ್ತು ಸುಮಾರು ಆರೂವರೆ ಟಿಎಂಸಿ. ಕೊರತೆ ವರ್ಷದಲ್ಲಿ ಕೊರತೆಯನ್ನೂ ಪಾಲಿಗೆ ತಕ್ಕಂತೆ ಹಂಚಿಕೊಳ್ಳಿ ಅನ್ನುತ್ತದೆ ತೀರ್ಪು. ಕೊರತೆ ಎಷ್ಟು ಅನ್ನುವುದರಲ್ಲೇ ಜಗಳ.

ಇನ್ನು ಪಟ್ಟಿಯ ಬಾಲದ ಕಡೆ ನೋಡಿ. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿ, ಒಟ್ಟು 10. ನ್ಯಾಯಮಂಡಳಿ ಪರಿಸರಕ್ಕೆಂದು ಸೇರಿಸಿದ್ದೂ 10 ಟಿಎಂಸಿಯೇ. ಸುಪ್ರೀಂ ಕೋರ್ಟ್ 14.75 ಟಿಎಂಸಿ ಕಡಿತ ಮಾಡಿದಾಗ ಬೇರೆ ತಿಂಗಳುಗಳ ಅಂಕಿ ಇಳಿದವು, ಈ ನಾಲ್ಕು ಮಾತ್ರ ಹಾಗೇ ಉಳಿದವು. ಇಷ್ಟು ನೀರು ತಿಂಗಳಿಡೀ ಹರಿದರೆ 950 ಕ್ಯೂಸೆಕ್‌ನ ಆಸುಪಾಸು. ಜಾಸ್ತಿಯೇನಲ್ಲ, ಆದರೂ ಕಾಗದದ ಮೇಲೆ ನದಿಗೆ ನದಿಯಾಗಿ ಸಿಕ್ಕ ಪಾಲು ಇದು.

ಆದರೆ ಇದರ ಅಳತೆಯೂ ಬಿಳಿಗುಂಡ್ಲುವಿನಲ್ಲೇ, ಅಲ್ವಾ? ಅಲ್ಲಿಗೆ ಮುಟ್ಟುವ ನೀರು ಕೆಆರ್‌ಎಸ್‌ನಿಂದಲೇ ಬರಬೇಕೆಂದಿಲ್ಲ. ತಿ. ನರಸೀಪುರದಲ್ಲಿ ಕಬಿನಿ ಸೇರುತ್ತದೆ, ಮುಂದೆ ಶಿಂಷಾ, ಸಂಗಮದಲ್ಲಿ ಅರ್ಕಾವತಿ. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಇಳಿದು ಅರ್ಕಾವತಿ ಸೇರಿ ಬಂದರೂ ಲೆಕ್ಕಕ್ಕೆ ಅದು ನೀರೇ. ಅಂದರೆ ಗಡಿಯ ಅಂಕಿ ಸರಿಯಾಗಿದ್ದೂ ಶ್ರೀರಂಗಪಟ್ಟಣದಲ್ಲಿ ಹೊಳೆ ಬತ್ತಿರಬಹುದು. ಕೆಆರ್‌ಎಸ್‌ನಿಂದ ನರಸೀಪುರದವರೆಗಿನ ಕಾವೇರಿ ಈ ಪಟ್ಟಿಯೊಳಗೆ ಎಲ್ಲೂ ಇಲ್ಲ.

ಅದರ ಏಟು ಮೊದಲು ಬೀಳುವುದು ರಂಗನತಿಟ್ಟು ಪಕ್ಷಿಧಾಮಕ್ಕೆ. ಹೊಳೆ ಬತ್ತಿದರೆ ತಿಟ್ಟುಗಳು ದಡಕ್ಕೆ ಅಂಟಿಕೊಂಡು ನಾಯಿಗಳು ಗೂಡಿನತನಕ ನಡೆದೇ ಹೋಗಬಹುದು. ಕಟ್ಟೆ ತುಂಬಿ ಒಮ್ಮೆಲೇ ಗೇಟ್ ಎತ್ತಿದರೆ ತಗ್ಗಿನ ತಿಟ್ಟುಗಳೇ ಮುಳುಗುತ್ತವೆ, ದೋಣಿವಿಹಾರ ಬಂದ್. ಹಾಗಂತ ಗೇಟಿನ ಮುಂದೆ ನಿಂತ ಇಂಜಿನಿಯರ್‌ಗಳನ್ನು ಸುಮ್ನೆ ಬೈದು ಉಪಯೋಗವಿಲ್ಲ. ಜುಲೈನಲ್ಲಿ ಮುಂಚೆಯೇ ಸ್ವಲ್ಪ ಸ್ವಲ್ಪ ಬಿಟ್ಟು ಜಾಗ ಇಟ್ಟುಕೊಂಡರೆ, ಆಮೇಲೆ ಮಳೆ ನಿಂತುಹೋದರೆ? ನೀರು ಪೋಲು ಮಾಡಿದರು ಎಂಬ ಕೂಗು ಎದ್ದೇ ಏಳುತ್ತದೆ. ಹಾಗಾಗಿ ಅಂಚಿನವರೆಗೆ ತುಂಬಿಸಿಕೊಂಡು ಆಮೇಲೆ ಬಿಡುವುದೇ ಅವರಿಗೆ ಕ್ಷೇಮದ ದಾರಿ.

ಬೇಸಿಗೆಯಲ್ಲಿ ಈ ಭಾಗದಲ್ಲಿ ಅಷ್ಟಿಷ್ಟು ನೀರು ಕಂಡರೆ ಅದಕ್ಕೆ ಬೆಂಗಳೂರಿನ ಪಾಲೂ ಇದೆ. ರಾಜಧಾನಿಯ ಕುಡಿಯುವ ನೀರನ್ನು ಎತ್ತುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಅಲ್ಲಿಗೆ ನೀರು ಹೋಗುವುದು ಬಹುಪಾಲು ನದಿಯ ದಾರಿಯಲ್ಲೇ. ಒಂದು ಕಾಲಕ್ಕೆ ಶಿವನಸಮುದ್ರದ ಟರ್ಬೈನ್ ಮಾಡಿಸುತ್ತಿದ್ದ ಕೆಲಸವನ್ನು ಈಗ ಬೆಂಗಳೂರಿನ ನಲ್ಲಿ ಮಾಡಿಸುತ್ತಿದೆ.

ಮೇಕೆದಾಟು ಕಟ್ಟೆ ಬಂದರೆ ಈ ಲೆಕ್ಕ ಮತ್ತೆ ಬದಲಾಗುತ್ತದೆ. ಅದರ ಜಾಗ ಸಂಗಮದಿಂದ ಕೆಳಗೆ, ಬಿಳಿಗುಂಡ್ಲುವಿಗೆ ಹತ್ತಿರ. ಗಡಿಯ ತಿಂಗಳ ಪಾಲನ್ನು ಅಲ್ಲಿಂದಲೇ ಬಿಡಬಹುದು. ಬೆಂಗಳೂರೂ ಕುಡಿಯುವ ನೀರಿಗೆ ಅದನ್ನೇ ನೆಚ್ಚಿಕೊಂಡರೆ, ಬೇಸಿಗೆಯಲ್ಲಿ ಕೆಆರ್‌ಎಸ್‌ನಿಂದ ನದಿಗೆ ನೀರು ಬಿಡಲು ಈಗಿರುವ ಎರಡು ಕಾರಣಗಳೂ ಸಡಿಲವಾಗುತ್ತವೆ. ಯೋಜನೆ ಬೇಕು ಅನ್ನುವವರು ಶ್ರೀರಂಗಪಟ್ಟಣಕ್ಕೂ ಒಂದು ಅಂಕಿ ಬರೆಸಿಕೊಳ್ಳುವ ಮಾತನ್ನು ಈಗಲೇ ಎತ್ತಬೇಕು.