ಇಮೇಜ್ ಪ್ರಾಕ್ಸಿ: ಬೇರೆ ಸರ್ವರ್‌ನ ಚಿತ್ರ ನಮ್ಮ ವಿಳಾಸದಿಂದ

ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಗೆ ವೆಬ್‌ಸೈಟ್ ಇದೆ ಅಂದುಕೊಳ್ಳಿ. ಅದರಲ್ಲಿ ಕಾಣುವ ತಡಿಯಂಡಮೋಳ್ ಬೆಟ್ಟದ ಫೋಟೋ ಇರುವುದು ಮಾತ್ರ ಬೇರೆ ಯಾವುದೋ ಸರ್ವರ್‌ನಲ್ಲಿ. ಪುಟದಲ್ಲಿ ಫೋಟೋದ ವಿಳಾಸ ಬರೆದರೆ ಸಾಕು, ನೋಡುವವರ ಬ್ರೌಸರೇ ನೇರ ಅಲ್ಲಿಂದ ತಂದುಕೊಳ್ಳುತ್ತದೆ. ಹಾಗೆ ಬಿಡದೆ ಹೋಂಸ್ಟೇಯ ಸರ್ವರೇ ಆ ಫೋಟೋ ತರಿಸಿ, ತನ್ನ ವಿಳಾಸದಿಂದಲೇ ಬ್ರೌಸರ್‌ಗೆ ಕೊಟ್ಟರೆ ಅದು ಇಮೇಜ್ ಪ್ರಾಕ್ಸಿ.

ಇಷ್ಟು ಸುತ್ತು ಯಾಕೆ? ನಮ್ಮ ಪುಟ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್, ಫೋಟೋ ಹಳೆಯ ಎಚ್‌ಟಿಟಿಪಿ ಆದರೆ ಬ್ರೌಸರ್ ತಕರಾರು ತೆಗೆಯುತ್ತದೆ. ಇನ್ನು ನೋಡುವವರ ಐಪಿ ವಿಳಾಸ ಆ ಮೂರನೆಯ ಸರ್ವರ್‌ಗೆ ಗೊತ್ತಾಗುವುದೂ ತಪ್ಪುತ್ತದೆ. 2013ರಿಂದ ಜಿಮೇಲ್ ಮೇಲ್‌ಗಳೊಳಗಿನ ಚಿತ್ರಗಳನ್ನು ಗೂಗಲ್‌ನ ಸರ್ವರ್ ಮೂಲಕವೇ ತೋರಿಸುತ್ತಿರುವುದೂ ಇದೇ ಉಪಾಯ. ನಮ್ಮ ಕೊಡಗು ಜಿಲ್ಲೆಯ ಮಟ್ಟಿಗೆ ನಾನು ದೊಡ್ಡದೆಂದು ಎಣಿಸುವ ಲಾಭ ಬೇರೆ: ದಾರಿಯಲ್ಲೇ ಚಿತ್ರವನ್ನು ಕುಗ್ಗಿಸಬಹುದು. ಮಳೆಗಾಲದಲ್ಲಿ ಟವರ್ ಇದ್ದೂ ಇಲ್ಲದಂತಿರುವಾಗ 4 ಎಂಬಿ ಫೋಟೋ ತೆರೆಯುವುದೇ ಇಲ್ಲ. ಅದನ್ನೇ ಸಣ್ಣದು ಮಾಡಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಕೊಟ್ಟರೆ ಹೇಗೋ ಬಂದುಬಿಡುತ್ತದೆ.

ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್ ಫ್ಲಾಸ್ಕ್, ಜ್ಯಾಂಗೊ, ಎಕ್ಸ್‌ಪ್ರೆಸ್ ಯಾವುದಾದರೂ ಆಗಲಿ, ಕೆಲಸ ನಾಲ್ಕೈದು ಸಾಲಿನದು. ಒಂದು ರೂಟ್ (ನಮ್ಮ ಸೈಟಿನಲ್ಲೊಂದು ವಿಳಾಸ), ಅದರೊಳಗೆ ಹೊರಗಿನ ವಿಳಾಸಕ್ಕೆ ಒಂದು ರಿಕ್ವೆಸ್ಟ್, ಬಂದ ಬೈಟ್‌ಗಳನ್ನು ಹಾಗೇ ವಾಪಸ್ ಕಳಿಸುವುದು. ಎಡವುವುದು ಎರಡು ಕಡೆ. ಉತ್ತರದಲ್ಲಿರುವುದು ಯಾವ ಬಗೆಯದೆಂದು ತಿಳಿಸುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಇಮೇಜ್/ಜೆಪೆಗ್ ಎಂದು ಹೇಳಲು ಮರೆತರೆ ಫ್ಲಾಸ್ಕ್ ಅದನ್ನು ಎಚ್‌ಟಿಎಂಎಲ್ ಎಂದೇ ಕಳಿಸುತ್ತದೆ. ಆ ವಿಳಾಸವನ್ನು ನೇರ ತೆರೆದರೆ ಬೆಟ್ಟದ ಬದಲು ತಲೆಬುಡವಿಲ್ಲದ ಅಕ್ಷರಗಳು ತುಂಬಿಕೊಳ್ಳುತ್ತವೆ. ಮೊದಲ ಸಾಲಿನಲ್ಲೇ ಜೆಎಫ್‌ಐಎಫ್ ಎಂಬ ಇಂಗ್ಲಿಷಿನ ನಾಲ್ಕಕ್ಷರ ಕಂಡರೆ ಬಂದಿರುವುದು ಜೆಪೆಗ್ ಚಿತ್ರವೇ, ಹೆಡರ್ ತಪ್ಪಿದೆ ಎಂದರ್ಥ. ಎರಡನೆಯದು, ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಉತ್ತರದ ಕಂಟೆಂಟ್ ಬದಲು ಟೆಕ್ಸ್ಟ್ ಬಳಸುವುದು. ಬೈಟ್‌ಗಳನ್ನು ಅಕ್ಷರವೆಂದು ಓದಿದಲ್ಲಿಗೆ ಚಿತ್ರ ಕೆಟ್ಟಿತು. ಆಮೇಲೆ ಹೆಡರ್ ಎಷ್ಟು ಸರಿ ಮಾಡಿದರೂ ಹರಿದ ಚಿತ್ರದ ಐಕಾನ್ ಗತಿ.

ಆದರೆ ಈ ನಾಲ್ಕೈದು ಸಾಲಿನ ಪ್ರಾಕ್ಸಿಯೇ ನನಗೆ ಭಯ. ಯಾವ ವಿಳಾಸ ಕೊಟ್ಟರೂ ಅದು ತಂದುಕೊಡುತ್ತದೆ. ಕಾಫಿ ತೋಟದ ರೈಟರ್ ಗೇಟಿನಲ್ಲಿ ನಿಂತ ಅಪರಿಚಿತ ಕೇಳಿದನೆಂದು ಧಣಿಗಳ ಬೀರುವಿನಲ್ಲಿದ್ದ ಕಾಗದವನ್ನೂ ತಂದುಕೊಟ್ಟರೆ ಹೇಗೆ? ಚಿತ್ರದ ವಿಳಾಸವಿರಬೇಕಾದ ಜಾಗದಲ್ಲಿ ಯಾರಾದರೂ 127.0.0.1, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಎಂದು ಬರೆದರೆ ಸರ್ವರ್ ತನ್ನೊಳಗಿನ ಪುಟಗಳನ್ನೇ ತೆಗೆದುಕೊಡಬಹುದು. 169.254.169.254 ಎಂದರೆ ಇನ್ನೂ ಅಪಾಯ. ಕ್ಲೌಡ್ ಯಂತ್ರಗಳು ತಮ್ಮ ತಾತ್ಕಾಲಿಕ ಕೀಲಿಗಳನ್ನು ಪಡೆಯುವ ವಿಳಾಸ ಅದು. ಈ ದೋಷಕ್ಕೆ ಎಸ್‌ಎಸ್‌ಆರ್‌ಎಫ್ (ಸರ್ವರ್-ಸೈಡ್ ರಿಕ್ವೆಸ್ಟ್ ಫೋರ್ಜರಿ) ಎಂದು ಹೆಸರು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಜನರ ಮಾಹಿತಿ ಸೋರಿದ ಪ್ರಕರಣದಲ್ಲಿ ಇದ್ದದ್ದು ಇಮೇಜ್ ಪ್ರಾಕ್ಸಿಯಲ್ಲ, ಆದರೆ ದೋಷದ ಜಾತಿ ಇದೇ.

ಹಾಗಾಗಿ ಯಾವ ಹೋಸ್ಟ್‌ಗಳಿಂದ, ಅಂದರೆ ಯಾವ ಸರ್ವರ್‌ಗಳಿಂದ, ಚಿತ್ರ ತರಬಹುದೆಂಬ ಪಟ್ಟಿ ಮೊದಲೇ ಇರಬೇಕು. ನೆಕ್ಸ್ಟ್.ಜೆಎಸ್ ಎಂಬ ಫ್ರೇಮ್‌ವರ್ಕ್ ಈ ವಿಷಯದಲ್ಲಿ ಬಿಗಿ: ರಿಮೋಟ್‌ಪ್ಯಾಟರ್ನ್ಸ್ ಎಂಬ ಅದರ ಪಟ್ಟಿಗೆ ಸೇರಿಸದ ಹೋಸ್ಟ್ ಆದರೆ ಮುಲಾಜಿಲ್ಲದೆ ನಿರಾಕರಿಸುತ್ತದೆ. ಪಟ್ಟಿಯಲ್ಲಿರುವ ಹೋಸ್ಟೇ ಬೇರೆಡೆಗೆ ರಿಡೈರೆಕ್ಟ್ ಮಾಡಿದರೆ ಆ ಹೊಸ ವಿಳಾಸವನ್ನೂ ಪರೀಕ್ಷಿಸಬೇಕು. ಟೈಮ್‌ಔಟ್, ಗಾತ್ರದ ಮಿತಿ ಇರಲೇಬೇಕು. ಎಸ್‌ವಿಜಿ ಎಂಬ ಬಗೆಯ ಚಿತ್ರದೊಳಗೆ ಸ್ಕ್ರಿಪ್ಟ್ (ಓಡುವ ಕೋಡ್) ಅಡಗಿರಬಹುದು, ಅದನ್ನು ಬಿಡದಿರುವುದೇ ಕ್ಷೇಮ.

ಹತ್ತಾರು ಫೋಟೋ ಇರುವ ಹೋಂಸ್ಟೇಗೆ ನಿಜ ಹೇಳಬೇಕೆಂದರೆ ಇದ್ಯಾವುದೂ ಬೇಡ. ತೆಗೆದವರ ಅನುಮತಿ ಕೇಳಿ, ಇಳಿಸಿಕೊಂಡು, ಸ್ಟ್ಯಾಟಿಕ್ ಫೋಲ್ಡರ್‌ಗೆ ಹಾಕಿದರೆ ಮುಗಿಯಿತು. (ಪ್ರಾಕ್ಸಿ ಹಾಕಿದರೂ ಅನುಮತಿ ಬೇಕು, ಅದು ಬೇರೆ ಮಾತು.) ಪ್ರಾಕ್ಸಿ ಬೇಕಾಗುವುದು ಚಿತ್ರ ಬದಲಾಗುತ್ತಲೇ ಇರುವಾಗ. ಭಾಗಮಂಡಲದ ಸಂಗಮದಲ್ಲಿ ನೀರು ಎಷ್ಟು ಏರಿದೆಯೆಂದು ತೋರಿಸುವ ಕ್ಯಾಮೆರಾ ಚಿತ್ರವನ್ನು ಪುಟಕ್ಕೆ ತರಬೇಕೆನ್ನಿ. ಅಲ್ಲಿ ಬ್ರೌಸರ್ ಚಿತ್ರವನ್ನು ಎಷ್ಟು ಸೆಕೆಂಡ್ ಇಟ್ಟುಕೊಳ್ಳಬಹುದೆಂದು ಹೇಳುವ ಕ್ಯಾಷ್-ಕಂಟ್ರೋಲ್ ಹೆಡರ್‌ನ ಮ್ಯಾಕ್ಸ್-ಏಜ್ ಅನ್ನು 86400 ಇಟ್ಟರೆ ಒಂದಿಡೀ ದಿನ ಹಳೆಯ ನೀರೇ ಕಾಣುತ್ತದೆ, 60 ಇಟ್ಟರೆ ನಿಮಿಷ ಕಳೆದು ಪುಟ ಮತ್ತೆ ತೆರೆದಾಗ ಹೊಸದು ಬರುತ್ತದೆ.