ತುಕ್ಕು ಹಿಡಿದ ತಗಡನ್ನು ಗುಜರಿಗೆ ಹಾಕಬೇಡಿ

ತಗಡನ್ನು ಹಸಿರು ಟವೆಲಿನಲ್ಲಿ ಸುತ್ತಿ ತಂದಿದ್ದರು. ಅಂಗೈಗಿಂತ ಸ್ವಲ್ಪ ದೊಡ್ಡ ಎಂ.ಎಸ್. (ಮೃದು ಉಕ್ಕಿನ) ಶೀಟ್, ಮೇಲೆ ಮಬ್ಬು ಬೂದು ಬಣ್ಣದ ಲೇಪನ. ಅವರು ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೆ ತೊಟ್ಟಿ, ಎಲಿವೇಟರ್, ಚಿಮಣಿ ಮಾಡಿಕೊಡುವ ಫ್ಯಾಬ್ರಿಕೇಷನ್ ಶಾಪಿನ ಯಜಮಾನರು. ಪೇಟೆಂಟ್ ಅರ್ಜಿ ಬರೆದುಕೊಡುವ ನನ್ನ ಬಳ್ಳಾರಿಯ ಕಚೇರಿಯ ಮೇಜಿನ ಮೇಲೆ ತಗಡನ್ನಿಟ್ಟು, ಜೇಬಿನಿಂದ ಬೈಕಿನ ಕೀಲಿ ತೆಗೆದು, ಲೇಪನದ ಮೇಲೆ ಬಲವಾಗಿ ಅಡ್ಡಡ್ಡ ಗೀಚಿದರು. ಗೆರೆ ಮೂಡಿತು, ಪದರ ಏಳಲಿಲ್ಲ.

“ಎರಡು ವರ್ಷ ಶಾಪಿನ ಮಾಳಿಗೆಯ ಮೇಲೆ ಬಿದ್ದಿತ್ತು ಮೇಡಂ. ಒಂದು ಚುಕ್ಕೆ ತುಕ್ಕಿಲ್ಲ. ಪೇಟೆಂಟ್ ಮಾಡಿಸಿಕೊಡಿ.”

ಏನೇನು ಬೆರೆಸಿದ್ದೀರಿ ಎಂದು ಕೇಳಿದೆ. ಸ್ವಲ್ಪ ಹಿಂಜರಿದು ಹೇಳಿದರು. ಸತುವಿನ ಪುಡಿ, ಪೊಟ್ಯಾಸಿಯಂ ಸಿಲಿಕೇಟ್ ದ್ರಾವಣ, ಜೊತೆಗೆ ಗಿರಣಿಯ ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿದು ಉಳಿದ ಬೂದಿಯನ್ನು ನುಣ್ಣಗೆ ಅರೆದು ಸೋಸಿದ್ದು. ನನಗೆ ಖುಷಿಯಾಯಿತು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅದು ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ, ಗಾಳಿ ಬೀಸಿದರೆ ಊರೆಲ್ಲ ಹಾರುತ್ತದೆ. ಅದಕ್ಕೊಂದು ಬೆಲೆ ತರಬಲ್ಲ ಯೋಚನೆ ಇದು.

“ಸರಿ, ಬೂದಿ ಹಾಕದೆ ಬಳಿದ ತಗಡು ಎಲ್ಲಿ? ಬೂದಿ ಹೆಚ್ಚಾಗಿ ಕೆಟ್ಟದ್ದು? ಏನನ್ನೂ ಬಳಿಯದ ಬೋಳು ತಗಡು?”

“ಅವೆಲ್ಲ ತುಕ್ಕು ಹಿಡಿದವು ಮೇಡಂ. ಗುಜರಿಗೆ ಹಾಕಿದೆ.”

ಈ ಉತ್ತರವನ್ನು ರಾಯಚೂರಿನ ಕಾಲೇಜು ಹುಡುಗರಿಂದ ಕೇಳಿದ್ದೇನೆ, ತೋರಣಗಲ್ಲು ಕಡೆಯ ಮೇಂಟೆನೆನ್ಸ್ ಎಂಜಿನಿಯರುಗಳಿಂದ ಕೇಳಿದ್ದೇನೆ, ಗಿಣಿಗೇರಿಯ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರಿಂದಲೂ ಕೇಳಿದ್ದೇನೆ. ಗೆದ್ದ ತಗಡನ್ನು ಮಗುವಿನಂತೆ ಸುತ್ತಿ ತರುತ್ತಾರೆ, ಸೋತದ್ದನ್ನು ಕಿಲೋ ಲೆಕ್ಕದಲ್ಲಿ ಮಾರಿಬಿಟ್ಟಿರುತ್ತಾರೆ. ಪೇಟೆಂಟ್ ಕಚೇರಿಯಲ್ಲಿ ನಿಮ್ಮ ಪರವಾಗಿ ಸಾಕ್ಷಿ ಹೇಳಬೇಕಾದದ್ದು ಆ ಸೋತ ತಗಡುಗಳೇ. ಕೈ ಮುಗಿದು ಹೇಳಿದರೂ ನಂಬುವವರು ಕಡಿಮೆ, ಹಾಗಾಗಿ ಬರೆಯುತ್ತಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದ ಮೇಲೆ ಬಣ್ಣದ ಡಬ್ಬಿ ಹಿಡಿದು ಬರುವವರು ಇನ್ನೂ ಹೆಚ್ಚಾದರು. ಆ ಸರಪಳಿ ಯಾಕೆ ತುಂಡಾಯಿತು ಎಂದು ಹೇಳುವ ಅರ್ಹತೆ ಅಣೆಕಟ್ಟಿನ ಎಂಜಿನಿಯರುಗಳದ್ದು, ನನ್ನದಲ್ಲ. ಆದರೆ ಎರಡನೇ ಬೆಳೆಯ ನೀರು ಕಣ್ಣೆದುರೇ ನದಿಗೆ ಹರಿದುಹೋಗುವುದನ್ನು ನೋಡಿದವರಲ್ಲಿ ಕಬ್ಬಿಣವನ್ನು ಕಾಪಾಡಬೇಕೆಂಬ ಹಂಬಲ ಹುಟ್ಟಿತು. ಆ ಹಂಬಲ ವ್ಯರ್ಥವಾಗಬಾರದು ಎಂಬುದೇ ನನ್ನ ಚಿಂತೆ.

ಮೊದಲ ತೊಡಕು ‘ಪರೀಕ್ಷೆ’ ಎಂಬ ಪದದ್ದೇ. ಪೇಟೆಂಟ್ ಪರೀಕ್ಷಕರು ತಮ್ಮ ತಗಡನ್ನು ಉಪ್ಪು ನೀರಿನಲ್ಲಿ ಮುಳುಗಿಸಿ, ಸುತ್ತಿಗೆಯಿಂದ ಬಡಿದು ನೋಡುತ್ತಾರೆ ಎಂದೇ ಹಲವರು ತಿಳಿದಿದ್ದಾರೆ. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿ ಪರೀಕ್ಷಕರ ಮುಂದಿರುವುದು ಕಾಗದ, ಅಂದರೆ ನೀವು ಸಲ್ಲಿಸಿದ ವಿವರಣೆ ಮತ್ತು ಕ್ಲೇಮುಗಳು, ಎಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಹೇಳುವ ಸಾಲುಗಳು. ಪಕ್ಕದಲ್ಲಿ ಜಗತ್ತಿನ ಹಳೆಯ ದಾಖಲೆಗಳೆಲ್ಲ. ನಿಮ್ಮ ಲೇಪನ ಕೆಲಸ ಮಾಡುತ್ತದೆಯೇ ಎಂಬುದು ಅವರ ಮುಖ್ಯ ಪ್ರಶ್ನೆಯಲ್ಲ. ಮೊದಲೇ ಗೊತ್ತಿದ್ದ ಲೇಪನಕ್ಕಿಂತ ಇದು ಎಲ್ಲಿ ಬೇರೆ, ಆ ವ್ಯತ್ಯಾಸ ಈ ಕಸುಬಿನಲ್ಲಿ ಪಳಗಿದ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದೇ ಎಂಬುದು ಅವರ ಪ್ರಶ್ನೆ.

ಗೊತ್ತಿದ್ದದ್ದು ಎಷ್ಟು ಹಳೆಯದು ಎಂಬ ಅಂದಾಜು ನಮ್ಮವರಿಗಿಲ್ಲ. ಕರಗಿದ ಸತುವಿನಲ್ಲಿ ಕಬ್ಬಿಣವನ್ನು ಅದ್ದಿ ಕಾಪಾಡುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದಿದ್ದರು. ಸತುವಿನ ಪುಡಿಯನ್ನು ಸಿಲಿಕೇಟಿನಲ್ಲಿ ಕಲಸಿ ಬಳಿಯುವ ಲೇಪನವನ್ನು ಆಸ್ಟ್ರೇಲಿಯಾದ ಮಾರ್ಗನ್–ವೈಯಾಲಾ ನೀರಿನ ಕೊಳವೆಗೆ 1940ರ ದಶಕದಲ್ಲಿಯೇ ಹಚ್ಚಿದ್ದರು. ನಮ್ಮ ಮಾರುಕಟ್ಟೆಯಲ್ಲಿ ಇದು ಸಿಗುವುದಿಲ್ಲ ಎಂಬ ಮಾತಿಗೆ ಹಾಗಾಗಿ ತೂಕವಿಲ್ಲ. ಗಂಗಾವತಿಯ ಯಜಮಾನರ ಲೇಪನದಲ್ಲಿ ಸತು ಹಳೆಯದು, ಸಿಲಿಕೇಟ್ ಹಳೆಯದು. ಉಳಿದದ್ದು ಬೂದಿ. ಬೂದಿ ಬಂದದ್ದರಿಂದ ಏನಾಯಿತು ಎಂಬುದನ್ನು ತೋರಿಸದೆ ಈ ಅರ್ಜಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅದನ್ನು ತೋರಿಸಬಲ್ಲದ್ದು ಬೂದಿ ಇಲ್ಲದ ತಗಡು ಮಾತ್ರ.

ಎರಡು ವರ್ಷ ತುಕ್ಕು ಹಿಡಿಯಲಿಲ್ಲ ಎನ್ನುತ್ತೀರಿ. ನಮ್ಮ ಸೀಮೆಯ ಹವೆಯನ್ನು ನೆನೆಯಿರಿ. ಮಳೆ ಕಡಿಮೆ, ವರ್ಷದ ಬಹುಕಾಲ ಒಣ ಗಾಳಿ. ಕಬ್ಬಿಣ ತುಕ್ಕು ಹಿಡಿಯಲು ತೇವ ಬೇಕು. ಮಂಗಳೂರಿನಲ್ಲಿ ಒಂದು ಮಳೆಗಾಲಕ್ಕೆ ಕೆಂಪಾಗುವ ಮೊಳೆ ಇಲ್ಲಿ ಎಷ್ಟೋ ಕಾಲ ಹಾಗೆಯೇ ಇರುತ್ತದೆ. ಹಾಗಿದ್ದ ಮೇಲೆ ಮಾಳಿಗೆಯ ತಗಡು ಉಳಿದದ್ದು ಲೇಪನದ ಗುಣದಿಂದಲೋ ಊರಿನ ಗುಣದಿಂದಲೋ? ಪಕ್ಕದಲ್ಲಿ ಒಂದು ಬೋಳು ತಗಡು ಅಷ್ಟೇ ದಿನ ಬಿದ್ದಿದ್ದರೆ ಅದು ಉತ್ತರ ಹೇಳುತ್ತಿತ್ತು. ಅದನ್ನೇ ನೀವು ಮಾರಿದ್ದೀರಿ.

ಈಗ ಕಾನೂನಿನ ಮಾತು. ಪೇಟೆಂಟ್ ಕಾಯ್ದೆ, 1970ರ 3ನೇ ಸೆಕ್ಷನ್ನಿನ ‘ಇ’ ಖಂಡವನ್ನು ಲೇಪನ, ಬಣ್ಣ, ಗೊಬ್ಬರ, ಔಷಧಿ ಯಾವುದೇ ಮಿಶ್ರಣ ಮಾಡುವವರು ಬಾಯಿಪಾಠ ಮಾಡಬೇಕು. ಪದಾರ್ಥಗಳನ್ನು ಬರೀ ಬೆರೆಸಿ, ಅವುಗಳ ಗುಣಗಳು ಒಂದಕ್ಕೊಂದು ಕೂಡಿಕೊಂಡಷ್ಟೇ ಫಲ ಬಂದರೆ ಅದನ್ನು ಆವಿಷ್ಕಾರವೆಂದು ಕಾನೂನು ಒಪ್ಪುವುದಿಲ್ಲ. ಇದನ್ನು ನಾನು ಹೀಗೆ ವಿವರಿಸುತ್ತೇನೆ. ಮಂಡಕ್ಕಿಗೆ ಪುಟಾಣಿ ಹಿಟ್ಟು ಬೆರೆಸಿದರೆ ಮಂಡಕ್ಕಿಯ ರುಚಿ ಮಂಡಕ್ಕಿಗೆ, ಪುಟಾಣಿಯ ರುಚಿ ಪುಟಾಣಿಗೆ. ತಿನ್ನಲು ಚೆನ್ನ, ಆದರೆ ಹೊಸದೇನೂ ಹುಟ್ಟಲಿಲ್ಲ. ಅಡಿಕೆಗೆ ಸುಣ್ಣ ಸೇರಿಸಿ ಅಗಿದಾಗ ಬಾಯಿ ಕೆಂಪಾಗುತ್ತದೆ. ಆ ಕೆಂಪು ಬಿಳಿ ಸುಣ್ಣದಲ್ಲಿರಲಿಲ್ಲ, ಬರೀ ಅಡಿಕೆ ಅಗಿದರೂ ಹಾಗೆ ಬರುವುದಿಲ್ಲ. ಎರಡೂ ಕೂಡಿದ್ದರಿಂದ ಹುಟ್ಟಿತು. ಪರೀಕ್ಷಕರು ಕೇಳುವುದು ಆ ಕೆಂಪನ್ನು. ಅದನ್ನು ನಂಬಿಸಬೇಕಾದರೆ ಬರೀ ಅಡಿಕೆ ಅಗಿದ ಬಾಯಿಯನ್ನೂ, ಬರೀ ಸುಣ್ಣ ಸವರಿದ ಎಲೆಯನ್ನೂ ಪಕ್ಕದಲ್ಲಿಟ್ಟು ತೋರಿಸಬೇಕು.

ಲೆಕ್ಕದಲ್ಲಿ ಹೇಳುತ್ತೇನೆ. ಅಂಕಿಗಳು ತಿಳಿಸಿ ಹೇಳುವುದಕ್ಕಾಗಿ ನಾನೇ ಇಟ್ಟುಕೊಂಡವು. ಉಪ್ಪು ಮಂಜಿನ ಪರೀಕ್ಷೆ ಎಂದರೆ ಶೇ 5ರ ಉಪ್ಪಿನ ದ್ರಾವಣವನ್ನು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂಜಿನಂತೆ ಸಿಂಪಡಿಸುವ ಪೆಟ್ಟಿಗೆಯಲ್ಲಿ ತಗಡುಗಳನ್ನು ಇಡುವುದು. ಐಎಸ್‌ಒ 9227, ಎಎಸ್‌ಟಿಎಂ ಬಿ117 ಮಾನದಂಡಗಳು ಹೇಳುವುದು ಇದನ್ನೇ. ಬೂದಿ ಇಲ್ಲದ ಸತು-ಸಿಲಿಕೇಟ್ ತಗಡು ಅದರಲ್ಲಿ 300 ಗಂಟೆ ಬಾಳಿತು, ಸತುವಿಲ್ಲದ ಬೂದಿ-ಸಿಲಿಕೇಟ್ ತಗಡು 40 ಗಂಟೆ ಬಾಳಿತು ಎನ್ನೋಣ. ಮೂರೂ ಸೇರಿದ್ದು 330 ಗಂಟೆ ಬಾಳಿದರೆ ನಾನು ನಿಮ್ಮ ಫೀಸು ತೆಗೆದುಕೊಳ್ಳಲು ಹಿಂದೇಟು ಹಾಕುತ್ತೇನೆ. 900 ಗಂಟೆ ಬಾಳಿದರೆ ಕುರ್ಚಿ ಎಳೆದು ಕುಳಿತು ಮಾತನಾಡುತ್ತೇನೆ. ಗಮನಿಸಿ, ಇಲ್ಲಿ ನಿಮ್ಮ ಕೈ ಹಿಡಿದದ್ದು 900 ಒಂದೇ ಅಲ್ಲ. 300 ಮತ್ತು 40 ಇಲ್ಲದಿದ್ದರೆ 900ಕ್ಕೆ ಅರ್ಥವೇ ಇಲ್ಲ.

ಹೋಲಿಕೆ ನ್ಯಾಯವಾಗಿಯೂ ಇರಬೇಕು. ಗೆದ್ದ ತಗಡಿಗೆ ಎರಡು ಕೋಟ್, ಸೋತದ್ದಕ್ಕೆ ಒಂದು ಕೋಟ್ ಬಳಿದಿದ್ದರೆ ಗೆದ್ದದ್ದು ದಪ್ಪ, ಮಿಶ್ರಣವಲ್ಲ. ಒಂದನ್ನು ಗ್ರೈಂಡರಿನಲ್ಲಿ ಉಜ್ಜಿ, ಇನ್ನೊಂದನ್ನು ಎಮರಿ ಹಾಳೆಯಲ್ಲಿ ಒರೆಸಿದ್ದರೂ ಅಷ್ಟೆ. ಒಂದೇ ಶೀಟಿನಿಂದ ಕತ್ತರಿಸಿ, ಒಂದೇ ರೀತಿ ಉಜ್ಜಿ, ಒಂದೇ ದಪ್ಪಕ್ಕೆ ಬಳಿಯಿರಿ. ಒಂದೊಂದು ಮಿಶ್ರಣಕ್ಕೂ ಮೂರು ತಗಡು ಮಾಡಿ.

ಬೂದಿ ಪುಕ್ಕಟೆ ಸಿಗುತ್ತದೆ, ಖರ್ಚು ಅರ್ಧಕ್ಕೆ ಇಳಿಯುತ್ತದೆ, ಅಷ್ಟು ಸಾಲದೇ ಎಂದು ಕೇಳುವವರಿದ್ದಾರೆ. ಆರ್ಥಿಕ ಮಹತ್ವವನ್ನೂ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನಿಜ. ಆದರೆ ಅದರ ಜೊತೆಗೇ, ಸಹಜವಾಗಿ ಹೊಳೆಯುವಂತಿರಬಾರದು ಎಂಬ ಷರತ್ತು ನಿಂತಿದೆ. ಅಗ್ಗವೆಂಬ ಒಂದೇ ಕಾಲಿನ ಮೇಲೆ ನಿಂತ ಅರ್ಜಿ ಗಟ್ಟಿಯಾಗಿ ನಿಂತದ್ದನ್ನು ನಾನಂತೂ ಕಂಡಿಲ್ಲ.

ಸೋತ ತಗಡಿಗೆ ಇನ್ನೊಂದು ಕೆಲಸವಿದೆ. ಬೂದಿ ಶೇ 10ರಿಂದ 30ರವರೆಗೆ ಎಂದು ಕ್ಲೇಮಿನಲ್ಲಿ ಬರೆಯುತ್ತೀರಿ. ಹತ್ತೇ ಏಕೆ, ಮೂವತ್ತೇ ಏಕೆ? ಶೇ 5 ಹಾಕಿದಾಗ ಉಪಯೋಗವಾಗಲಿಲ್ಲ, ಶೇ 40 ಹಾಕಿದಾಗ ಪದರ ಬಿರುಕು ಬಿಟ್ಟಿತು ಎಂದು ತೋರಿಸುವ ಎರಡು ಕೆಟ್ಟ ತಗಡುಗಳು ನಿಮ್ಮ ಹೊಲದ ಬಾಂದುಗಲ್ಲುಗಳು. ಬಾಂದುಗಲ್ಲನ್ನು ಕಿತ್ತು ಮಾರಿ, ಆಮೇಲೆ ಗಡಿ ಇಲ್ಲಿತ್ತು ಎಂದರೆ ಸರ್ವೆಯವರು ಒಪ್ಪುತ್ತಾರೆಯೇ?

ಬೂದಿ ಎಂದರೆ ಯಾವ ಬೂದಿ ಎಂಬುದನ್ನೂ ಬರೆಯಲೇಬೇಕು. ಹೊಟ್ಟು ಹದವಾದ ಉರಿಯಲ್ಲಿ ಬೆಂದರೆ ಅದರ ಸಿಲಿಕಾ ಹರಳುಗಟ್ಟದೆ ಚುರುಕಾಗಿ ಉಳಿಯುತ್ತದೆ. ಅತಿ ಬಿಸಿಯಲ್ಲಿ ಹರಳುಗಟ್ಟಿ ಮಂದವಾಗುತ್ತದೆ. ಒಂದು ಗಿರಣಿಯ ಬೂದಿ ಕಪ್ಪು, ಇನ್ನೊಂದರದ್ದು ಬೂದು. ಓದಿದ ಇನ್ನೊಬ್ಬರು ಅದೇ ಲೇಪನವನ್ನು ಮಾಡಲಾಗದಿದ್ದರೆ ವಿವರಣೆ ಅಪೂರ್ಣವೆಂಬ ಆಕ್ಷೇಪ ಬರುತ್ತದೆ. ಒಂದು ಪುಡಿಯ ಹೆಸರನ್ನು ಮಾತ್ರ ಹೇಳುವುದಿಲ್ಲ ಎಂದು ನನ್ನೆದುರು ಪಟ್ಟು ಹಿಡಿಯುವವರಿಗೆ ಇಷ್ಟೇ ಹೇಳುತ್ತೇನೆ: ಗುಟ್ಟು ಬೇಕಾದರೆ ಗುಟ್ಟಾಗಿಯೇ ಇಡಿ, ಪೇಟೆಂಟ್ ಬೇಕಾದರೆ ಪೂರ್ತಿ ಬಿಚ್ಚಿಡಿ. 20 ವರ್ಷದ ಹಕ್ಕನ್ನು ಕಾನೂನು ಕೊಡುವುದು ಬಿಚ್ಚಿಟ್ಟದ್ದಕ್ಕೆ.

ಇದನ್ನೆಲ್ಲ ಆಮೇಲೆ ಸೇರಿಸಿದರಾಯಿತು ಎಂಬ ಧೈರ್ಯ ಬೇಡ. ಅರ್ಜಿ ಹಾಕಿದ ಮೇಲೆ ತಿದ್ದುಪಡಿಗೆ 59ನೇ ಸೆಕ್ಷನ್ ಬಿಗಿಯಾದ ಬೇಲಿ ಹಾಕಿದೆ. ತಪ್ಪು ತಿದ್ದಬಹುದು, ವಿವರಿಸಬಹುದು, ಕೆಲವನ್ನು ಬಿಟ್ಟುಕೊಡಬಹುದು, ಹೊಸ ವಿಷಯ ತುಂಬುವಂತಿಲ್ಲ. ಮೂಲ ವಿವರಣೆಯಲ್ಲಿ ಹೇಳಿದ್ದ ಗುಣಕ್ಕೆ ಬೆಂಬಲವಾಗಿ ನಂತರದ ಪ್ರಯೋಗದ ಅಂಕಿಗಳನ್ನು ಕೆಲವು ಸಂದರ್ಭಗಳಲ್ಲಿ ಪರಿಗಣಿಸುವುದುಂಟು. ಅದು ಪ್ರಕರಣದಿಂದ ಪ್ರಕರಣಕ್ಕೆ ಬೇರೆಯಾಗುವ ಮಾತು, ನೆಚ್ಚಿಕೊಳ್ಳುವಂಥದ್ದಲ್ಲ. ಪೇಟೆಂಟ್ ಕಚೇರಿಯ ಆಕ್ಷೇಪಗಳಿರುವ ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಕ್ಕೆ ಆರು ತಿಂಗಳು, ಕೇಳಿಕೊಂಡರೆ ಮತ್ತೆ ಮೂರು. ಆ ವರದಿ ಕೈಗೆ ಬಂದಾಗ ತಗಡು ಕತ್ತರಿಸಲು ಹೊರಟರೆ ತಡವಾಯಿತು.

ಸಮಯ ಇಲ್ಲವೆಂದಲ್ಲ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರಣೆಗೆ 12 ತಿಂಗಳ ಅವಕಾಶವಿದೆ. ಉಪ್ಪು ಮಂಜಿನಲ್ಲಿ 1000 ಗಂಟೆ ಎಂದರೆ 42 ದಿನ. ಹಾಳಾಯಿತು ಎನ್ನುವ ಪ್ರಯೋಗವನ್ನು ಆ ವರ್ಷದಲ್ಲಿ ನಾಲ್ಕು ಸಲ ಮತ್ತೆ ಮಾಡಬಹುದು. ಆದರೆ ಅರ್ಜಿಗೆ ಮೊದಲು ಗಿರಣಿಗಳ ತೊಟ್ಟಿಗೆಲ್ಲ ಬಳಿದು, ವಿಡಿಯೊ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಅದು ಇನ್ನೊಂದು ದಿನದ ಸಿಟ್ಟು.

ಗಂಗಾವತಿಯ ಯಜಮಾನರು ಅಂದು ಮುಖ ಸಣ್ಣದು ಮಾಡಿಕೊಂಡು ಹೋದರು. ನನಗೂ ಆ ರಾತ್ರಿ ಸಮಾಧಾನವಿರಲಿಲ್ಲ. ವಾರದ ನಂತರ ಫೋನ್ ಬಂತು. “ಒಂದು ಸಿಕ್ಕಿತು ಮೇಡಂ!” ಶಾಪಿನ ಏರ್ ಕೂಲರ್ ಅಲುಗಾಡದಿರಲಿ ಎಂದು ಅದರ ಕಾಲಿನ ಕೆಳಗೆ ಒಂದು ತಗಡು ಕೊಟ್ಟಿದ್ದರಂತೆ. ಬಿ.ಎಸ್ಸಿ. ಓದುವ ಮಗಳು ಕಸ ಗುಡಿಸುವಾಗ ಕಂಡಳು. ಮೂಲೆಯಲ್ಲಿ ಪಂಚಿನಿಂದ ಹೊಡೆದ 3 ಎಂಬ ಅಂಕಿ, ಅರ್ಧ ಭಾಗ ಕೆಂಪು ತುಕ್ಕು. ಕೂಲರಿನ ನೀರು ಹನಿಹನಿಯಾಗಿ ಬಿದ್ದ ತಗಡನ್ನು ಪುರಾವೆಯಾಗಿ ಬಳಸಲಾಗದು ಎಂದು ನಾನು ಹೇಳಬೇಕಾಯಿತು. ಅಷ್ಟರಲ್ಲಿ ಆ ಹುಡುಗಿ ಫೋನ್ ತೆಗೆದುಕೊಂಡು, “ಆಂಟಿ, ಅಪ್ಪನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಂಬರುಗಳಿವೆ” ಎಂದಳು. ಇದ್ದವು. ಸಿಮೆಂಟು, ವೆಲ್ಡಿಂಗ್ ರಾಡಿನ ಬಾಕಿಗಳ ನಡುವೆ ಒಂದರಿಂದ ಒಂಬತ್ತರವರೆಗೆ ಮಿಶ್ರಣಗಳ ತೂಕ, ತಾರೀಖು. ಮೂರನೆಯದರ ಮುಂದೆ ಹೀಗೆ ಬರೆದಿತ್ತು: ಬೂದಿ ಇಲ್ಲ.

ಆ ಹಾಳೆಯೇ ನಮ್ಮ ನಕ್ಷೆಯಾಯಿತು. ತಾತ್ಕಾಲಿಕ ಅರ್ಜಿ ಹಾಕಿ, ಎಂಟು ಮಿಶ್ರಣ, ಒಂದೊಂದಕ್ಕೆ ಮೂರರಂತೆ 24 ತಗಡು ಹೊಸದಾಗಿ ಮಾಡಿಸಿದೆವು, ಜೊತೆಗೆ ಮೂರು ಬೋಳು ತಗಡು. ಎರಡು ಗಿರಣಿಗಳ ಬೂದಿ ಬೇರೆಬೇರೆ. ಪರೀಕ್ಷಾ ವರದಿಯಲ್ಲಿ 3(ಇ) ಆಕ್ಷೇಪ ನಿರೀಕ್ಷೆಯಂತೆ ಬಂತು. ಉತ್ತರ ನಮ್ಮ ವಿವರಣೆಯ ಕೋಷ್ಟಕದಲ್ಲಿ ಮೊದಲೇ ಕುಳಿತಿತ್ತು. ವಿಡಿಯೊ ವಿಚಾರಣೆಯಲ್ಲಿ ಕಂಟ್ರೋಲರ್, ಅಂದರೆ ಅರ್ಜಿಯ ಮೇಲೆ ಆದೇಶ ಕೊಡುವ ಅಧಿಕಾರಿ, ಹೆಚ್ಚು ಹೊತ್ತು ಕೇಳಿದ್ದು ಬೂದಿ ಇಲ್ಲದ ತಗಡುಗಳ ಬಗ್ಗೆ. ಆದೇಶ ಇನ್ನೂ ಬಂದಿಲ್ಲ, ಬರುವವರೆಗೆ ನಾನು ಯಾವ ಭರವಸೆಯನ್ನೂ ಕೊಡುವುದಿಲ್ಲ. ಕಳೆದ ತಿಂಗಳು ಅವರ ಶಾಪಿಗೆ ಹೋಗಿದ್ದೆ. ಗೋಡೆಗೆ ಉದ್ದಕ್ಕೂ ತಂತಿ ಕಟ್ಟಿ 27 ತಗಡುಗಳನ್ನೂ ನಂಬರಿನ ಸಾಲಿನಲ್ಲಿ ತೂಗುಹಾಕಿದ್ದಾರೆ, ಕೆಂಪಾದವೇ ಹೆಚ್ಚು. ಹಳೆಯ ಮೂರನೇ ನಂಬರಿನದು ಸಾಲಿನ ಕೊನೆಯಲ್ಲಿದೆ. ಕೂಲರಿನ ಕಾಲಿಗೆ ಈಗ ಮರದ ತುಂಡು ಕೊಟ್ಟಿದ್ದಾರೆ.